ಮನೆಯ ಕನ್ನಡ, ಪುಸ್ತಕದ ಕನ್ನಡ

ಮಕ್ಕಳೇ, ಮನೆಯಲ್ಲಿ ನೀವು "ನಾನು ಹೋಗ್ತೀನಿ" ಅಂತೀರಿ. ಶನಿವಾರ ತರಗತಿಯಲ್ಲಿ ಹಾಗೇ ಬರೆದರೆ ಟೀಚರ್ ಅದನ್ನು "ಹೋಗುತ್ತೇನೆ" ಎಂದು ತಿದ್ದುತ್ತಾರೆ. "ಹಾಗಾದ್ರೆ ನಮ್ಮಮ್ಮ ಮಾತಾಡೋದು ತಪ್ಪಾ?" ಎಂದು ಒಬ್ಬ ಹುಡುಗಿ ಕೇಳಿದಳು. ಸಣ್ಣ ಪ್ರಶ್ನೆಯಲ್ಲ ಅದು.

ಅಮ್ಮನದು ತಪ್ಪಲ್ಲ. "ಮಾಡುತ್ತಾನೆ" ಎಂಬುದನ್ನು ಬೇಗ ಬೇಗ ಹತ್ತು ಸಲ ಹೇಳಿ ನೋಡಿ. ನಡುವಿನ "ಉ" ಉದುರಿಹೋಗಿ "ಮಾಡ್ತಾನೆ" ಆಗುತ್ತದೆ. "ಬರುತ್ತಾಳೆ" ಎಂಬುದು "ಬರ್ತಾಳೆ" ಆಗುವುದೂ ಹೀಗೇ. ಇನ್ನೊಂದು ನೋಡಿ: ಮನೆಯಲ್ಲಿ – ಮನೇಲಿ, ತಟ್ಟೆಯಲ್ಲಿ – ತಟ್ಟೇಲಿ. ಈಗ "ಕೆಫೆಯಲ್ಲಿ" ಅನ್ನುವುದನ್ನು ಮನೆಯ ಕನ್ನಡದಲ್ಲಿ ಹೇಳಿ. "ಕೆಫೇಲಿ" ಅಂದ್ರಿ ಅಲ್ವಾ? ಅದನ್ನು ನಿಮಗೆ ಯಾರೂ ಕಲಿಸಿರಲಿಲ್ಲ. ಕೇಳದ ಪದಕ್ಕೂ ನಿಯಮ ಹಚ್ಚುತ್ತೀರಿ ಅಂದರೆ ಮನೆಯ ಮಾತಿಗೂ ಪಕ್ಕಾ ವ್ಯಾಕರಣ ಇದೆ ಅಂತಾಯ್ತು. ಅದನ್ನು ನಾವು ಪುಸ್ತಕ ನೋಡಿ ಕಲಿಯುವುದಿಲ್ಲ, ಅಷ್ಟೇ.

ಹಾಗಾದರೆ ಪುಸ್ತಕದ ಕನ್ನಡ ಯಾಕೆ ಬೇಕು? ನಮ್ಮ ಶಾಲೆಯ ಮನೆಗಳನ್ನೇ ನೋಡಿ. ಮೈಸೂರಿನವರು "ಮಾಡ್ತಾ ಇದೀನಿ" ಅಂತಾರೆ, ಮಂಗಳೂರಿನವರು "ಮಾಡ್ತಾ ಇದ್ದೇನೆ" ಅಂತಾರೆ, ಹುಬ್ಬಳ್ಳಿಯವರು "ಮಾಡಾಕತ್ತೀನಿ" ಅಂತಾರೆ. "ಮಾಡುತ್ತಿದ್ದೇನೆ" ಎಂದು ಅಡುಗೆಮನೆಯಿಂದ ಕೂಗುವವರು ಮಾತ್ರ ಯಾರೂ ಇಲ್ಲ! ಪುಸ್ತಕದ ಕನ್ನಡ ಯಾರ ಮನೆಮಾತೂ ಅಲ್ಲ. ಅದಕ್ಕೇ ಅದು ಎಲ್ಲರಿಗೂ ಆಗುತ್ತದೆ. ಹುಬ್ಬಳ್ಳಿಯವರು ಬರೆದ ಕಥೆಯನ್ನು ಮಂಗಳೂರಿನವರು ತಡವರಿಸದೆ ಓದುವುದು ಅದರಿಂದಲೇ.

ಇದು ಕನ್ನಡಕ್ಕೆ ಮಾತ್ರ ಬಂದ ಕಷ್ಟವೂ ಅಲ್ಲ. ಇಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಪಕ್ಕದ ಮನೆಯ ಅಜ್ಜಿ "ಇ ಹಾನ್" ಅನ್ನುತ್ತಾರೆ. ನೀವು ಜರ್ಮನ್ ಪರೀಕ್ಷೆಯಲ್ಲಿ "ಇಶ್ ಹಾಬೆ" ಎಂದೇ ಬರೆಯುತ್ತೀರಿ. ಝೂರಿಕ್‌ನ ಮಕ್ಕಳು ಮನೆಯಲ್ಲಿ ಸ್ವಿಸ್ ಜರ್ಮನ್ ಆಡಿ, ಶಾಲೆಯಲ್ಲಿ ಬೇರೆಯೇ ಜರ್ಮನ್ ಬರೆಯುತ್ತಾರೆ. ಚಾರ್ಲ್ಸ್ ಫರ್ಗ್ಯುಸನ್ ಎಂಬ ಭಾಷಾವಿಜ್ಞಾನಿ 1959ರಲ್ಲಿ ಇಂಥ ಜೋಡಿ ನುಡಿಯ ಬಗ್ಗೆ ಬರೆದ ಲೇಖನಕ್ಕೆ "ಡೈಗ್ಲಾಸಿಯಾ" ಎಂದು ಹೆಸರಿಟ್ಟರು. ಅವರು ಕೊಟ್ಟ ಉದಾಹರಣೆಗಳಲ್ಲಿ ಅರಬ್ಬಿಯೂ ಇದೆ, ಸ್ವಿಸ್ ಜರ್ಮನ್ನೂ ಇದೆ.

ಪುಸ್ತಕದ ಕನ್ನಡವೇನೂ ಕಲ್ಲಲ್ಲಿ ಕೊರೆದಿಟ್ಟದ್ದಲ್ಲ. (ಕಲ್ಲಲ್ಲಿ ಕೊರೆದ ಶಾಸನದ ಕನ್ನಡವೇ ಬದಲಾಗಿದೆ ಬಿಡಿ.) ಹತ್ತನೇ ಶತಮಾನದ ಪಂಪನ ಕಾಲದಲ್ಲಿ ಹಾಲು "ಪಾಲ್" ಆಗಿತ್ತು, ಹೋಗು "ಪೋಗು" ಆಗಿತ್ತು. ಜನರ ಬಾಯಲ್ಲಿ "ಪ" ಸವೆದು "ಹ" ಆಯಿತು, ಆಮೇಲೆ ಬರವಣಿಗೆಯೂ ಅದರ ಹಿಂದೆ ಬಂತು. ಅದಕ್ಕೂ ಮುಂಚೆ, ಒಂಬತ್ತನೇ ಶತಮಾನದ ಕವಿರಾಜಮಾರ್ಗದಲ್ಲೇ ಒಂದು ತಮಾಷೆಯ ಮಾತಿದೆ. ದೇಸಿ ನುಡಿ ಎಷ್ಟು ಬಗೆಬಗೆಯಾಗಿದೆ ಎಂದರೆ, ಅದರ ದೋಷಗಳನ್ನೆಲ್ಲ ತಿಳಿಯಲು ಹೊರಟರೆ ಸಾಕ್ಷಾತ್ ವಾಸುಕಿಗೂ ಬೇಸರ ಬಂದೀತಂತೆ!

ಈಗ ಆ ಬದಲಾವಣೆ ನಮ್ಮ ಕೈಯಲ್ಲೇ ನಡೆಯುತ್ತಿದೆ. ರಾಜ್‌ಕುಮಾರ್ ಅವರ "ಬಭ್ರುವಾಹನ"ದಲ್ಲಿ ರಾಜರು ಪುಸ್ತಕದ ಕನ್ನಡದಲ್ಲೇ ಗುಡುಗುತ್ತಾರೆ. ಈಗಿನ ಸಿನಿಮಾಗಳಲ್ಲಿ ಮಂಡ್ಯ, ಕುಂದಾಪುರದ ಮಾತು ಹಾಗೇ ಬರುತ್ತದೆ. ಪತ್ರಿಕೆಯ ಸುದ್ದಿ ಇನ್ನೂ "ಹೇಳಿದ್ದಾರೆ" ಎನ್ನುತ್ತದೆ, ವಾಟ್ಸಾಪ್‌ನಲ್ಲಿ ನಾವೆಲ್ಲ "ಬರ್ತಿದೀನಿ" ಎಂದೇ ಒತ್ತುತ್ತೇವೆ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಗು ಊಟಕ್ಕೆ ಕೂತು "ಹೋಗ್ತೀನಿ" ಅಂದಾಗ ತಿದ್ದಬೇಡಿ. ಜರ್ಮನ್‌ನಲ್ಲಿ ತಡೆಯಿಲ್ಲದೆ ಮಾತಾಡುವ ಮಗುವನ್ನು ಕನ್ನಡದಲ್ಲಿ ನಾಲ್ಕು ಸಲ ತಡೆದರೆ, ಐದನೇ ಸಲ ಅದು ಜರ್ಮನ್‌ನಲ್ಲೇ ಉತ್ತರ ಕೊಡುತ್ತದೆ. ನೋಟ್‌ಬುಕ್ಕಿನಲ್ಲಿ ತಿದ್ದಿ. ಅಲ್ಲೂ "ತಪ್ಪು" ಅನ್ನುವ ಬದಲು "ಇದು ಮಾತಿನದು, ಬರೆಯೋದು ಹೇಗೆ?" ಎಂದು ಕೇಳಿ.

ಮಕ್ಕಳೇ, ನಿಮಗೊಂದು ಲೆಕ್ಕ: "ಮನೇಲಿ ಹಾಲು ಖಾಲಿಯಾಗಿದೆ, ಅಪ್ಪ ಅಂಗಡೀಗೆ ಹೋಗ್ತಿದಾರೆ." ಇದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿ. ಆಮೇಲೆ ಅಜ್ಜಿಗೆ ಫೋನ್ ಮಾಡಿ, ಅವರ ಊರಲ್ಲಿ ಇದನ್ನು ಹೇಗೆ ಹೇಳ್ತಾರೆ ಕೇಳಿ. ಮೂರನ್ನೂ ಬರೆದುಕೊಂಡು ಮುಂದಿನ ಶನಿವಾರ ತನ್ನಿ.