ನಾಲ್ಕು ಈಸು, ಒಂದೇ ಉಸಿರು: ಕಲ್ಮಲದ ಹುಡುಗರು ಕೇಳದ ಹೆಸರು

ಕಲ್ಮಲ: ಮಾನ್ವಿ ಕಡೆಗೆ ಹೋಗುವ ಬಸ್ಸಿಗೆ ಕಾದು ನಿಂತವರನ್ನು ಒಮ್ಮೆ ಕೇಳಿ ನೋಡಿ. ಕ್ರಿಕೆಟ್ಟಿನಲ್ಲಿ ಯಾರು ಎಷ್ಟು ಹೊಡೆದರು ಎಂಬ ಲೆಕ್ಕವನ್ನು ಹತ್ತು ವರ್ಷ ಹಿಂದಿನದ್ದಾದರೂ ಪಟಪಟ ಒಪ್ಪಿಸುತ್ತಾರೆ. ಶರತ್ ಗಾಯಕವಾಡ್ ಯಾರು ಎಂದರೆ ಮಾತ್ರ ಮುಖ ಮುಖ ನೋಡುತ್ತಾರೆ. ಯಾವ ಊರಾಂವ, ಯಾವ ಪಾರ್ಟಿ ಅಂತ ತಿರುಗಿ ಕೇಳುವವರೂ ಉಂಟು.

ಪಾರ್ಟಿ ಅಲ್ಲ ಸ್ವಾಮಿ, ಈಜುಗಾರ. ಬೆಂಗಳೂರಿನವರು. ಹುಟ್ಟಿನಿಂದಲೇ ಒಂದು ಕೈ ಊನ. ಆ ಕೈಯನ್ನೇ ಕಟ್ಟಿಕೊಂಡು 2014ರ ಅಕ್ಟೋಬರಿನಲ್ಲಿ ದಕ್ಷಿಣ ಕೊರಿಯಾದ ಇಂಚಾನ್ ನಗರಕ್ಕೆ ಹೋದರು. ಅಲ್ಲಿ ನಡೆದದ್ದು ಏಷ್ಯನ್ ಪ್ಯಾರಾ ಕ್ರೀಡಾಕೂಟ, ಅಂದರೆ ಅಂಗವಿಕಲ ಆಟಗಾರರ ಏಷ್ಯನ್ ಗೇಮ್ಸ್. ಬರುವಾಗ ಕೊರಳಲ್ಲಿ ಆರು ಪದಕ! ಆ ಕೂಟದಲ್ಲಿ ಇಡೀ ಭಾರತಕ್ಕೆ ಬಂದದ್ದು 33.

1986ರ ಸೋಲ್ ಏಷ್ಯನ್ ಗೇಮ್ಸಿನಲ್ಲಿ ಪಿ.ಟಿ. ಉಷಾ ನಾಲ್ಕು ಚಿನ್ನ, ಒಂದು ಬೆಳ್ಳಿ ಗೆದ್ದಿದ್ದರು. ಒಟ್ಟು ಐದು. ಶರತ್ ಆ ಸಂಖ್ಯೆಯನ್ನು ದಾಟಿದರು ಎಂದು ಪತ್ರಿಕೆಗಳು ಬರೆದವು. ಬಂಗಾರದ ತೂಕವೇ ಬೇರೆ, ಎರಡು ಬೇರೆ ಬೇರೆ ಕೂಟ, ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ ಎನ್ನುವವರ ಮಾತೂ ನ್ಯಾಯವೇ. ಅದಿರಲಿ. ನೋಡಬೇಕಾದ ಲೆಕ್ಕ ಬೇರೊಂದಿದೆ. ಅಂಗಡಿ ಗಲ್ಲದ ಮೇಲೆ ಕೂತವರಿಗೆ ಅದು ಬೇಗ ತಿಳಿಯುತ್ತದೆ.

ಮೂರನೆಯವ ಎರಡನೆಯವನಾದ ಬಗೆ

ಈಜಿನ ಸ್ಪರ್ಧೆಯಲ್ಲಿ ನಾಲ್ಕು ಪದ್ಧತಿ. ಎರಡೂ ಕೈ ಒಟ್ಟಿಗೆ ರೆಕ್ಕೆಯಂತೆ ಬೀಸುವುದು ಬಟರ್‌ಫ್ಲೈ. ಮುಗಿಲು ನೋಡುತ್ತ ಈಸುವುದು ಬೆನ್ನೀಜು. ಕಪ್ಪೆ ಹಾಗೆ ಕಾಲು ಝಾಡಿಸುವುದು ಎದೆ ಈಜು. ಕೊನೆಗೆ ಫ್ರೀಸ್ಟೈಲ್. ಶರತ್ ಇಂಚಾನಿನಲ್ಲಿ ಬಟರ್‌ಫ್ಲೈಗೆ ಕಂಚು ಪಡೆದರು. ಬೆನ್ನೀಜಿಗೂ ಕಂಚು. ಎದೆ ಈಜಿಗೂ ಕಂಚು. ಫ್ರೀಸ್ಟೈಲಿಗೂ ಕಂಚು. ನಾಲ್ವರು ಕೂಡಿ ಈಜುವ ಮೆಡ್ಲೆ ರಿಲೇಯಲ್ಲೂ ಕಂಚೇ.

ಆದರೆ ನಾಲ್ಕನ್ನೂ ಒಬ್ಬನೇ ಒಂದೇ ಉಸಿರಿಗೆ ಈಸಬೇಕಾದ 200 ಮೀಟರ್ ವೈಯಕ್ತಿಕ ಮೆಡ್ಲೆಯಲ್ಲಿ ಅವರಿಗೆ ಬೆಳ್ಳಿ!

ಬಿಡಿ ಬಿಡಿಯಾಗಿ ಎಲ್ಲದರಲ್ಲೂ ಮೂರನೆಯವ, ಕೂಡಿಸಿದಾಗ ಎರಡನೆಯವ. ಹ್ಯಾಂಗ? ಬೇಳೆಯಲ್ಲಿ ಒಬ್ಬ ಸೇಠ ಮುಂದು, ಎಣ್ಣೆಯಲ್ಲಿ ಇನ್ನೊಬ್ಬ ಮುಂದು. ಬೇಳೆಯವನಿಗೆ ಎಣ್ಣೆ ತಿಳಿಯದು, ಎಣ್ಣೆಯವನಿಗೆ ಬೇಳೆ ತಿಳಿಯದು. ಯಾವುದರಲ್ಲೂ ಕೈ ಸುಟ್ಟುಕೊಳ್ಳದವನು ವರ್ಷದ ಕೊನೆಗೆ ಕಿರ್ದಿ ತೆಗೆದಾಗ ಮೇಲಿರುತ್ತಾನೆ. ಮೆಡ್ಲೆಯ ಗುಟ್ಟೂ ಇಷ್ಟೇ. ಒಂದು ಈಜಿನಲ್ಲಿ ಹುಲಿ, ಇನ್ನೊಂದರಲ್ಲಿ ಇಲಿ ಆದವನಿಗೆ ಇಲ್ಲಿ ಜಾಗವಿಲ್ಲ.

ಶರತ್ ಈಜಿದ್ದು ಎಸ್‌ಎಂ 8 ಎಂಬ ವರ್ಗದಲ್ಲಿ. ದೇಹದ ಊನ ಎಷ್ಟೆಂದು ಪರೀಕ್ಷಿಸಿ 1ರಿಂದ 10ರವರೆಗೆ ಅಂಕಿ ಕೊಡುತ್ತಾರೆ. ಅಂಕಿ ಕಡಿಮೆಯಾದಷ್ಟೂ ಊನ ಹೆಚ್ಚು. ಅಂಕಿ ಏನೇ ಇರಲಿ, ನೀರೇನೂ ದಯೆ ತೋರಿಸುವುದಿಲ್ಲ. ಒಂದು ಕೈ ಕಡಿಮೆ ಎಳೆದರೆ ಮೈ ಒಂದು ಕಡೆಗೆ ವಾಲುತ್ತದೆ, ಅದನ್ನು ಕಾಲಿನಿಂದಲೂ ಸೊಂಟದಿಂದಲೂ ನೆಟ್ಟಗೆ ಮಾಡುತ್ತಲೇ ಇರಬೇಕು. ಅದೂ ಬಟರ್‌ಫ್ಲೈಯಲ್ಲಿ! ಎರಡು ಕೈ ಗಟ್ಟಿ ಇದ್ದವರಿಗೇ ಐವತ್ತು ಮೀಟರ್ ಮುಗಿಯುವುದರೊಳಗೆ ಭುಜ ಕಳಚಿ ಬಂದಂತಾಗುತ್ತದೆ.

2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲೂ ಅವರು ಈಜಿದ್ದರು. ಮುಂದೆ ಅರ್ಜುನ ಪ್ರಶಸ್ತಿಯೂ ಬಂತು.

ಜೋಳದ ಕಾಳಿನಷ್ಟೂ ಇಲ್ಲ

ಮೆಡ್ಲೆಗೆ ಕಾನೂನು ಬಹಳ. ಬಟರ್‌ಫ್ಲೈ, ಬೆನ್ನು, ಎದೆ, ಫ್ರೀಸ್ಟೈಲ್, ಇದೇ ಸರದಿ, ತಪ್ಪಬಾರದು. ಬೆನ್ನೀಜು ಮುಗಿಸುವಾಗ ಬೆನ್ನ ಮೇಲಿದ್ದೇ ಗೋಡೆ ಮುಟ್ಟಬೇಕು, ಮೊದಲೇ ಹೊರಳಿದರೆ ಹೊರಗೆ. ಫ್ರೀಸ್ಟೈಲ್ ಎಂದರೆ ಇಷ್ಟಬಂದ ಈಜು ಎಂದರ್ಥ, ಆದರೆ ಮೆಡ್ಲೆಯಲ್ಲಿ ಆಗಲೇ ಈಜಿದ ಮೂರನ್ನು ಬಿಟ್ಟು ಈಜಬೇಕು. ಒಲಿಂಪಿಕ್ಸಿಗೆ 400 ಮೀಟರ್ ಮೆಡ್ಲೆ ಬಂದದ್ದು 1964ರ ಟೋಕಿಯೋದಲ್ಲಿ, 200 ಮೀಟರಿನದು 1968ರಲ್ಲಿ.

1972ರ ಮ್ಯೂನಿಕ್ ಒಲಿಂಪಿಕ್ಸಿನ ಕಥೆ ಕೇಳಿದರೆ ನಂಬಲಾಗದು. 400 ಮೀಟರ್ ಮೆಡ್ಲೆಯ ಅಂತಿಮ ಸುತ್ತು. ಸ್ವೀಡನ್ನಿನ ಗುನ್ನಾರ್ ಲಾರ್ಸನ್, ಅಮೆರಿಕದ ಟಿಮ್ ಮೆಕ್ಕೀ ಇಬ್ಬರೂ ಒಟ್ಟಿಗೇ ಗೋಡೆ ಮುಟ್ಟಿದರು. ಫಲಕದಲ್ಲಿ ಇಬ್ಬರಿಗೂ 4 ನಿಮಿಷ 31.98 ಸೆಕೆಂಡು. ಹಾಗಾದರೆ ಸಮ ಎನ್ನಬೇಕಷ್ಟೇ? ಇಲ್ಲ, ಯಂತ್ರದ ಮೂರನೇ ಅಂಕಿ ತೆಗೆದು ನೋಡಿದರು. ಲಾರ್ಸನ್‌ಗೆ 31.981, ಮೆಕ್ಕೀಗೆ 31.983. ಸೆಕೆಂಡಿನ ಸಾವಿರದ ಎರಡು ಪಾಲಿನಲ್ಲಿ ಚಿನ್ನ ಹೋಯಿತು. ಅವರ ವೇಗಕ್ಕೆ ಲೆಕ್ಕ ಹಾಕಿದರೆ ಸುಮಾರು ಮೂರು ಮಿಲಿಮೀಟರ್, ಒಂದು ಜೋಳದ ಕಾಳಿನಷ್ಟೂ ಇಲ್ಲ! ಕೊಳ ಕಟ್ಟುವ ಗೌಂಡಿ ಗೋಡೆಗೆ ಗಿಲಾಯಿ ಹಾಕುವಾಗ ಅದಕ್ಕಿಂತ ಹೆಚ್ಚು ಏರುಪೇರು ಮಾಡಿರುತ್ತಾನೆ. ಆಮೇಲೆ ಬುದ್ಧಿ ಬಂದು ನೂರನೇ ಪಾಲಿಗೇ ಲೆಕ್ಕ ನಿಲ್ಲಿಸಿದರು. ಸಮ ಬಂದರೆ ಇಬ್ಬರಿಗೂ ಪದಕ. ಮೆಕ್ಕೀಗೆ ಮಾತ್ರ ಬೆಳ್ಳಿ ಬೆಳ್ಳಿಯಾಗಿಯೇ ಉಳಿಯಿತು.

ಈಗ ಮೆಡ್ಲೆಯ ರಾಜ ಫ್ರಾನ್ಸಿನ ಲಿಯೋ ಮಾರ್ಶಾ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಎರಡೂ ಮೆಡ್ಲೆ ಸೇರಿ ನಾಲ್ಕು ಚಿನ್ನ ಹೊತ್ತ. 2025ರ ಜುಲೈನಲ್ಲಿ ಸಿಂಗಪುರದ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ 200 ಮೀಟರ್ ಮೆಡ್ಲೆಯನ್ನು 1 ನಿಮಿಷ 52.69 ಸೆಕೆಂಡಿಗೆ ಮುಗಿಸಿದ. ಅದಕ್ಕೆ ಮುಂಚಿನ ದಾಖಲೆ 2011ರಲ್ಲಿ ಅಮೆರಿಕದ ರಯಾನ್ ಲಾಕ್ಟಿ ಮಾಡಿದ್ದು, 1 ನಿಮಿಷ 54.00. ಹದಿನಾಲ್ಕು ವರ್ಷ ಅಲುಗದ ದಾಖಲೆಯನ್ನು ಒಂದೇ ಏಟಿಗೆ ಒಂದು ಸೆಕೆಂಡಿಗೂ ಹೆಚ್ಚು ಕೆಳಗಿಳಿಸಿದ.

ಇಲ್ಲಿಯ ಮಾತು

ಸಿಂಗಪುರ, ಪ್ಯಾರಿಸ್ಸು ತಗೊಂಡು ಕಲ್ಮಲದವರು ಏನು ಮಾಡಬೇಕು ಎಂದು ಕೇಳುವವರಿದ್ದಾರೆ. ಕೇಳಬೇಕಾದದ್ದೇ.

ಈ ಜಿಲ್ಲೆಗೆ ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದು ಮಗ್ಗುಲಿಗೆ ತುಂಗಭದ್ರೆ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ. ಹುಡುಗರು ಈಸು ಕಲಿಯುವುದು ಬಾವಿಯಲ್ಲಿ, ಸೊಂಟಕ್ಕೆ ಬೆಂಡೋ ಖಾಲಿ ಡಬ್ಬವೋ ಕಟ್ಟಿಕೊಂಡು. ಬಾವಿಯ ನೀರು ನಿಂತ ನೀರು. ಕಾಲುವೆಯದು ಹಂಗಲ್ಲ, ಎಳೆದೊಯ್ಯುತ್ತದೆ. ಇಳಿಜಾರಿನ ಸಿಮೆಂಟಿಗೆ ಪಾಚಿ ಹಿಡಿದಿರುತ್ತದೆ, ಹತ್ತಲು ಹೋದವನ ಕೈ ಜಾರುತ್ತದೆ. ಹೊಳೆಗೆ ಎದುರು ಕೈ ಬಡಿದು ಬಡಿದು ದಣಿದು ಮುಳುಗುತ್ತಾನೆ. ಅವನನ್ನು ಹಿಡಿಯಲು ಹೋದ ಗೆಳೆಯನೂ ಕೂಡಿ ಹೋಗುತ್ತಾನೆ. ಇಂಥ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಬರುವುದು ಹೊಸದೇನಲ್ಲ.

ಬಾವಿಯ ಹುಡುಗನಿಗೆ ಬರುವುದು ಒಂದೇ ಈಸು, ತಲೆ ಎತ್ತಿ ಕೈ ಬಡಿಯುವುದು. ಮೆಡ್ಲೆಯ ಎರಡನೇ ಪಾಠ, ಬೆನ್ನ ಮೇಲೆ ತೇಲುವುದು, ಅವನಿಗೆ ಯಾರೂ ಕಲಿಸಿರುವುದಿಲ್ಲ. ದಣಿದವನು ಅಂಗಾತ ಮಲಗಿ ಬಾಯಿ ಮೂಗು ಮೇಲಿಟ್ಟುಕೊಂಡು, ಹರಿವಿನ ಜೊತೆಗೇ ಸಾಗುತ್ತ ಓರೆಯಾಗಿ ದಡಕ್ಕೆ ಸರಿದರೆ ಉಸಿರಿಗೆ ವೇಳೆ ಸಿಗುತ್ತದೆ. ಇದನ್ನು ಕಲಿಯಲು ಐವತ್ತು ಮೀಟರಿನ ಕೊಳವೇನೂ ಬೇಡ. ಎದೆಮಟ್ಟ ನಿಂತ ನೀರು, ಪಕ್ಕದಲ್ಲಿ ಈಸು ಬಲ್ಲ ದೊಡ್ಡವರೊಬ್ಬರು ಇದ್ದರೆ ಸಾಕು.

ಇನ್ನು ಕೈಯೋ ಕಾಲೋ ಊನ ಇದ್ದ ಮಗುವನ್ನು ನೀರಿನ ಹತ್ತಿರ ಬಿಡುವುದೇ ಇಲ್ಲ. ನಿನಗ್ಯಾಕೋ ಅದು, ದಂಡಿ ಮ್ಯಾಲ ಕೂತು ಎಲ್ಲರ ಅಂಗಿ ಕಾಯಿ ಅಂತಾರೆ. ಪ್ರೀತಿಯಿಂದಲೇ ಹೇಳುವ ಮಾತು. ಶರತ್ ಅವರಿಗೂ ಹೀಗೇ ಅಂಗಿ ಕಾಯಲು ಹೇಳಿದ್ದರೆ ಇಂಚಾನಿನ ಆರು ಪದಕ ಬೇರೆ ದೇಶದವರ ಪಾಲಾಗುತ್ತಿದ್ದವು.

ಕಾಲುವೆ ದಂಡೆಯ ಅಂಗಡಿಯವರಿಂದ ಆಗುವ ಕೆಲಸವೂ ಒಂದಿದೆ. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ಗುಜರಿಗೆ ಹಾಕಿದರೆ ಎಷ್ಟು ಬಂದೀತು? ಅದರ ಬಿರಡೆ ಬಿಗಿದು, ಹಿಡಿಗೆ ಹತ್ತು ಮಾರು ನೈಲಾನ್ ಹಗ್ಗ ಕಟ್ಟಿ, ಅಂಗಡಿ ಹೊರಗಿನ ಮೊಳೆಗೆ ತೂಗುಹಾಕಬಹುದು. ಕೂಗು ಕೇಳಿದರೆ ನೀರಿಗೆ ಹಾರುವುದು ಬೇಡ, ಹಗ್ಗದ ತುದಿ ಕೈಯಲ್ಲಿಟ್ಟುಕೊಂಡು ಕ್ಯಾನು ಒಗೆದರೆ ಆಯಿತು. ಮೊಳೆ ಮಾತ್ರ ಶಟರಿನ ಒಳಗೆ ಬೇಡ, ಹೊರಗೇ ಇರಲಿ. ಹುಡುಗರು ನೀರಿಗಿಳಿಯುವುದು ಅಂಗಡಿ ಮುಚ್ಚಿದ ಮಧ್ಯಾಹ್ನದ ಹೊತ್ತಿಗೇ.