ನಿಮಗಿದು ಗೊತ್ತೆ? ಎಳ್ಳೆಣ್ಣೆ ಕುಡಿದು ಭಾರ ಎತ್ತುತ್ತಿದ್ದ ಕೃಷ್ಣದೇವರಾಯ

ಸುಮಾರು 1520ರಲ್ಲಿ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅರಸನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮುನ್ನವೇ ಕೃಷ್ಣದೇವರಾಯ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತುತ್ತಿದ್ದ. ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ವರಸೆ, ಆಮೇಲೆ ಜಟ್ಟಿಯೊಡನೆ ಕುಸ್ತಿ, ಕೊನೆಗೆ ಕುದುರೆ ಸವಾರಿ.

ಭಾರ ಎತ್ತುವ ಕಸರತ್ತಿನ ಮಹತ್ವ ಇಂದಿಗೂ ಕುಗ್ಗಿಲ್ಲ; ಪಥ್ಯ ಮಾಡಿ ತೂಕ ಇಳಿಸುವವರಿಗೂ ಅದು ಬೇಕು.

ವಾರದಲ್ಲಿ 5–6 ದಿನ ಅನ್ನ, ರೊಟ್ಟಿ, ಸಕ್ಕರೆ ತೀರಾ ಕಡಿಮೆ ಮಾಡಿ, ಉಳಿದ 1–2 ದಿನ ಅವನ್ನು ಹೆಚ್ಚು ಉಣ್ಣುವ ಪಥ್ಯ ಈಗ ಚಾಲ್ತಿಯಲ್ಲಿದೆ. ಮೊದಲ ವಾರ ಇಳಿಯುವ ತೂಕದಲ್ಲಿ ಬಹುಪಾಲು ನೀರೇ. ದೇಹ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ 1 ಗ್ರಾಂಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ; ಅದು ಖರ್ಚಾದಂತೆ ಆ ನೀರೂ ಹೊರಹೋಗುತ್ತದೆ. ಕೊಬ್ಬು ಕರಗಿ ಸ್ನಾಯು ಉಳಿಯಬೇಕಾದರೆ ಸಾಕಷ್ಟು ಪ್ರೋಟೀನ್ ಜತೆಗೆ ಭಾರ ಎತ್ತುವ ವ್ಯಾಯಾಮ ಬೇಕೇ ಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಈ ಪಥ್ಯ ಶುರುಮಾಡಬೇಕು.