ಕಡಲತೀರದ ಬೆತ್ತದ ಕಾರು

ಬಾಗಿಲಿಲ್ಲದ, ಬೆತ್ತದ ಆಸನಗಳುಳ್ಳ, ಅಂಚಿಗೆ ಕುಚ್ಚು ಕಟ್ಟಿದ ಬಟ್ಟೆಯ ಚಪ್ಪರವನ್ನು ತಲೆಯ ಮೇಲೆ ಹೊತ್ತ ಕಾರೊಂದಿದೆಯೆಂದರೆ ವಾಚಕರು ನಗಬಹುದು. ಅದರ ಚಿತ್ರವನ್ನು ಮೊದಲು ಕಂಡಾಗ ನಾನೂ ನಕ್ಕೆನು. ಆದರೆ ಕುರ್ಚಿಗಳಿಗೆ ಬೆತ್ತ ಹೆಣೆದು ನನ್ನನ್ನು ಬಿ.ಎ. ತರಗತಿಯವರೆಗೆ ಓದಿಸಿದ ನಮ್ಮ ತಂದೆಯವರು ನಗಲಿಲ್ಲ. ಚಿತ್ರವನ್ನು ಬಹಳ ಹೊತ್ತು ನೋಡಿ, "ಹೆಣಿಗೆ ಬಿಗಿಯಾಗಿದೆ" ಎಂದರು. ಆ ಮಾತೇ ಈ ಲೇಖನಕ್ಕೆ ಕಾರಣ.

ಈ ಕಾರಿನ ಹೆಸರು ಫಿಯೆಟ್ 500 ಜಾಲಿ. ಇಟಲಿಯ ಭಾಷೆಯಲ್ಲಿ 'ಜಾಲಿ' ಎಂದರೆ ಇಸ್ಪೀಟಿನ ಜೋಕರ್. ನಮ್ಮ ಬೀದಿಗಳಲ್ಲಿ ಬಹುಕಾಲ ಓಡಾಡಿದ ಪ್ರೀಮಿಯರ್ ಪದ್ಮಿನಿಯ ಮೂಲವೂ ಇದೇ ಫಿಯೆಟ್ ಕಂಪನಿಯ ಕಾರೇ ಆದುದರಿಂದ ಹೆಸರು ನಮಗೆ ಹೊಸದಲ್ಲ.

1957ರಲ್ಲಿ ದಾಂತೆ ಜಾಕೋಸಾ ಎಂಬ ಎಂಜಿನಿಯರು ರೂಪಿಸಿದ ಫಿಯೆಟ್ 500, ಸ್ಕೂಟರಿನಿಂದ ಕಾರಿಗೆ ಏರಬಯಸುವ ಸಾಮಾನ್ಯ ಸಂಸಾರಕ್ಕಾಗಿ ಹುಟ್ಟಿದ್ದು. ಉದ್ದ ಮೂರು ಮೀಟರಿಗೂ ಕಡಿಮೆ. ಹಿಂಭಾಗದಲ್ಲಿ ಗಾಳಿಯಿಂದಲೇ ತಣಿಯುವ, ಎರಡು ಸಿಲಿಂಡರುಗಳ, 479 ಸಿ.ಸಿ.ಯ ಎಂಜಿನು. ಇಂಥ ಬಡವರ ಬಂಡಿಯನ್ನು ಟ್ಯೂರಿನ್ ನಗರದ ಘಿಯಾ ಎಂಬ ಕಾರ್ಖಾನೆಯವರು ತೆಗೆದುಕೊಂಡು, ಮಾಡನ್ನೂ ಬಾಗಿಲುಗಳನ್ನೂ ಕತ್ತರಿಸಿ, ಸಿರಿವಂತರ ವಿಹಾರವಾಹನವನ್ನಾಗಿ ಮಾಡಿದರು. ಬೆಲೆ ಮೂಲ ಕಾರಿನ ಸುಮಾರು ಎರಡರಷ್ಟಾಯಿತು. ಹಡಗುಗಳ ಒಡೆಯ ಒನಾಸಿಸ್, ನಟ ಯುಲ್ ಬ್ರಿನ್ನರ್ ಮೊದಲಾದವರು ಇದನ್ನು ಕೊಂಡರು. ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ನರ ಟೆಕ್ಸಾಸ್ ತೋಟದಲ್ಲಿಯೂ ಒಂದಿತ್ತು.

ಕಡಲತೀರಕ್ಕೆಂದು ಮಾಡಿದ ಕಾರಿಗೆ ಕಡಲೇ ಶತ್ರು. ಉಪ್ಪುಗಾಳಿಯಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಬಿಸಿಲಿಗೆ ಬಟ್ಟೆ ಜೀರ್ಣವಾಗುತ್ತದೆ, ಬೆತ್ತ ಒಣಗಿ ಮುರಿಯುತ್ತದೆ. ಆದುದರಿಂದ ಇದರ ಜೀರ್ಣೋದ್ಧಾರವೆಂದರೆ ಬಣ್ಣ ಬಳಿಯುವುದಷ್ಟೇ ಅಲ್ಲ. ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಬೇಕು. ಹೊಳೆಯುವ ಲೋಹದ ಸರಳುಗಳಿಗೆ ಮತ್ತೆ ಮೆರುಗು ಕೊಡಬೇಕು. ಆಸನಗಳನ್ನು ಕೈಯಿಂದಲೇ ಹೆಣೆಯಬೇಕು.

ಇಲ್ಲಿ ಒಂದು ತೊಡಕುಂಟು. ಸಂಗ್ರಾಹಕರ ಹರಾಜುಗಳಲ್ಲಿ ಒಳ್ಳೆಯ ಜಾಲಿಯೊಂದು ಲಕ್ಷ ಡಾಲರಿನ ಆಸುಪಾಸಿಗೆ ಹೋದದ್ದುಂಟು. ಆಸೆಗೆ ಬಿದ್ದವರು ಸಾಮಾನ್ಯ 500 ಕಾರಿನ ಮಾಡನ್ನು ಕತ್ತರಿಸಿ, ಬೆತ್ತದ ಆಸನವಿಟ್ಟು, 'ಜಾಲಿ' ಎಂದು ಮಾರುತ್ತಾರೆ. ಈ ಕಾರಿಗೆ ಬೇರೆ ಅಡಿಕಟ್ಟಿಲ್ಲ, ಮೈಯೇ ಅದರ ಬಲ. ಮಾಡನ್ನು ತೆಗೆದರೆ ಮುಚ್ಚಳವಿಲ್ಲದ ತಗಡಿನ ಡಬ್ಬಿಯಂತೆ ನಲುಗುತ್ತದೆ. ಘಿಯಾದವರು ಅದಕ್ಕೆಂದೇ ಒಡಲನ್ನು ಬಲಪಡಿಸಿದ್ದರು. ಬಲ್ಲವರು ಮೊದಲು ಆ ಜೋಡಣೆಯನ್ನೂ ಕಾರಿನ ಸಂಖ್ಯೆಯನ್ನೂ ಪರೀಕ್ಷಿಸುತ್ತಾರೆ, ಹೊಳಪಿಗೆ ಮರುಳಾಗುವುದಿಲ್ಲ.

ಇದನ್ನು ತಂದೆಯವರಿಗೆ ಹೇಳಿದೆ. ಅವರು, "ಹಳೆಯ ಕುರ್ಚಿಗೂ ಅಷ್ಟೇ. ಚೌಕಟ್ಟಿನ ತೂತುಗಳೇ ಮೊದಲಿನ ಹೆಣಿಗೆಯ ಲೆಕ್ಕ ಹೇಳುತ್ತವೆ. ಅವನ್ನು ದೊಡ್ಡದು ಮಾಡಿ ದಪ್ಪ ಬೆತ್ತ ತುರುಕಿದರೆ ಕೆಲಸ ಬೇಗ ಮುಗಿಯುತ್ತದೆ, ಕುರ್ಚಿ ಸಾಯುತ್ತದೆ" ಎಂದರು.

ಕಾರನ್ನು ಕೊಂಡವರ ಹೆಸರು ಪುಸ್ತಕಗಳಲ್ಲಿವೆ. ಆಸನವನ್ನು ಹೆಣೆದವರ ಹೆಸರನ್ನು ನಾನೆಲ್ಲಿಯೂ ಕಾಣಲಿಲ್ಲ. ಆದರೂ ದೂರದ ಆ ದೇಶದಲ್ಲಿ ಹಳೆಯ ಹೆಣಿಗೆಯನ್ನು ಮತ್ತೆ ಹೆಣೆಯಬಲ್ಲವನನ್ನು ಹುಡುಕಿಕೊಂಡು ಹೋಗುವವರಿದ್ದಾರೆ. ನಮ್ಮೂರಿನ ಕಚೇರಿಗಳಿಗೆ ಈಗ ಪ್ಲಾಸ್ಟಿಕ್ ಕುರ್ಚಿಗಳು ಬಂದಿವೆ. ತಂದೆಯವರಿಗೆ ತಿಂಗಳಿಗೆ ಎರಡು ಕುರ್ಚಿ ಸಿಕ್ಕರೆ ಹೆಚ್ಚು. ಪದವಿ ಮುಗಿಯುವುದರೊಳಗೆ ಆ ಹೆಣಿಗೆಯನ್ನು ಕಲಿಯಬೇಕೆಂದು ನಾನು ಕುಳಿತಿದ್ದೇನೆ. ಮೊದಲ ಕುರ್ಚಿ ಇನ್ನೂ ಮುಗಿದಿಲ್ಲ.